ಊರಿಗಾಂ ಲೈನಿಗೆ ಸ್ಪ್ಯಾನಿಷ್ ಬಂದದ್ದು

ಕೆ.ಜಿ.ಎಫ್.ನ ಊರಿಗಾಂನಲ್ಲಿ ಆ ಲೈನ್ ಮನೆಗಳ ಸಾಲಿನಲ್ಲಿ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದರೆ ಮೊದಲು ಕೂಗು ಹಾಕುವವಳು ಮುನಿಲಕ್ಷ್ಮಿ. ಹಿಂದೆಲ್ಲ "ನೀರ್ ಬಂತ್ರೋ" ಎಂದು ಕನ್ನಡದಲ್ಲೋ, ಮನಸ್ಸು ಬಂದರೆ ತೆಲುಗಿನಲ್ಲೋ ಕೂಗುತ್ತಿದ್ದಳು. ಈಗ ಮೂರು ತಿಂಗಳಿಂದ "ಆಗ್ವಾ! ಆಗ್ವಾ!" ಎನ್ನುತ್ತಾಳೆ. ಆ ಕೂಗಿಗೆ ಇಡೀ ಲೈನು ಬಿಂದಿಗೆ ಹಿಡಿದು ಓಡಿ ಬರುತ್ತದೆ. ಸ್ಪೇನ್ ದೇಶ ಎಲ್ಲಿದೆ ಎಂದು ಕೇಳಿದರೆ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನೀರು ಬಂದಿರುವಾಗ ಭೂಗೋಳ ಕಟ್ಟಿಕೊಂಡು ಯಾರಿಗೆ ಏನಾಗಬೇಕು?

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಆಶಾರಾಣಿ. ಕಾಲೇಜಿನಲ್ಲಿ ಟೂರಿಸಂ ಓದುವ ಹುಡುಗಿ. ಬೆಂಗಳೂರಿನ ಒಂದು ಕ್ರೈಸ್ತ ವಿದ್ಯಾರ್ಥಿ ಸಂಘ ವರ್ಷಕ್ಕೆ ಕೆಲವರನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶಕ್ಕೆ ಕಳಿಸುತ್ತದೆ. ಅಲ್ಲಿ ಯಾವುದಾದರೂ ಮನೆಯಲ್ಲಿ ಮಗಳ ಹಾಗೆ ಇರಬೇಕು, ಆ ಮನೆಯವರ ಜೊತೆ ಚರ್ಚಿಗೆ ಹೋಗಬೇಕು, ಅವರ ಬಾಯಿಂದಲೇ ಸ್ಪ್ಯಾನಿಷ್ ಕಲಿಯಬೇಕು. ಕಾಡನ್ನು ಕೆಡಿಸದೆ ಕಾಡು ತೋರಿಸಿ ಅಲ್ಲಿನ ಹಳ್ಳಿಯವರು ಹೇಗೆ ಬದುಕುತ್ತಾರೆ ಎಂಬುದನ್ನೂ ನೋಡಿ ಬರಬೇಕು. ಅದಕ್ಕೆ ಇಕೋ ಟೂರಿಸಂ ಅಂತ ಹೆಸರು.

ನಮ್ಮ ಕೆ.ಜಿ.ಎಫ್.ಗೂ ಜನ ಬರುತ್ತಾರೆ, ಇಲ್ಲ ಅಂತಲ್ಲ. ಮುಚ್ಚಿದ ಗಣಿಯ ಗೇಟಿನ ಮುಂದೆ ಒಂದು ಸೆಲ್ಫಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ಒಂದು ಡ್ಯಾನ್ಸು, ಆಮೇಲೆ ಚಿಪ್ಸ್ ಪ್ಯಾಕೆಟ್ಟನ್ನು ಅಲ್ಲೇ ಬಿಸಾಕಿ ಕಾರು ಹತ್ತುತ್ತಾರೆ. ಕೋರಮಂಡಲ್ ಕಡೆಯ ಬಯಲಿನಲ್ಲಿ ಮೇಯುವ ಕೃಷ್ಣಮೃಗ ಅವರ ಕಣ್ಣಿಗೆ ಬೀಳುವುದಿಲ್ಲ. ಊರಿನವರ ಕೈಯಿಂದ ಒಂದು ಲೋಟ ಟೀ ಕೂಡ ಕುಡಿಯುವುದಿಲ್ಲ. ಕೋಸ್ಟರಿಕಾದಲ್ಲಿ ಕಲಿತು ಬಂದು ಇದನ್ನೆಲ್ಲ ಸರಿಮಾಡಬೇಕು ಎಂಬುದು ಆಶಾಳ ಆಸೆ. ಆಸೆ ಅಂದರೆ ಅಂತಿಂಥ ಆಸೆಯಲ್ಲ, ಅನ್ನ ಕಲಸಿಕೊಂಡು ಬಾಯಿಗಿಡದೆ ಕೂತುಬಿಡುವಂಥ ಆಸೆ. ಮುಂದಿನ ತಂಡದಲ್ಲಿ ಉಳಿದಿದ್ದದ್ದು ಒಂದೇ ಸೀಟು.

ಸಂಘಕ್ಕೆ ಆನ್‌ಲೈನಿನಲ್ಲಿ ಪಾಠ ಹೇಳುವ ಎಲೆನಾ ಮೇಡಂ ಕೋಸ್ಟರಿಕಾದವರು. ಅವರು ಮೊದಲ ದಿನವೇ ಹೇಳಿದ್ದರು: ಭಾಷೆಯನ್ನು ಓದಬೇಡಿ, ಅದರಲ್ಲಿ ಮುಳುಗಿ, ಮನೆಯಲ್ಲಿ ಬೇರೆ ಮಾತೇ ಬೇಡ. ಊರಿಗಾಂನಲ್ಲಿ ಮುಳುಗುವಷ್ಟು ಸ್ಪ್ಯಾನಿಷ್ ಎಲ್ಲಿಂದ ಬರಬೇಕು? ಆಶಾ ಒಂದು ಸೋಮವಾರ ಬೆಳಗ್ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಆಜ್ಞೆ ಹೊರಡಿಸಿದಳು. ಇನ್ನು ಮೇಲೆ ತನ್ನ ಜೊತೆ ಯಾರೂ ತಮಿಳು, ಕನ್ನಡ, ತೆಲುಗು ಆಡಕೂಡದು. ಆಡಿದರೆ ಉತ್ತರ ಕೊಡುವುದಿಲ್ಲ.

ಅಪ್ಪ ಸೆಲ್ವರಾಜ್ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗಲು ಮಾರಿಕುಪ್ಪಂನಿಂದ ಬರುವ ರೈಲು ಹಿಡಿಯುವ ಅವಸರದಲ್ಲಿದ್ದ. ಅವನು ಹೂಂ ಅಂದ. ಅಮ್ಮ ಸುಕನ್ಯ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ನಕ್ಕಳು. ಅಜ್ಜಿ ಆರೋಗ್ಯಮ್ಮ ಮಾತ್ರ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ವಿಚಾರ ಮಾಡಿದಳು. ಅವಳನ್ನು ಮನೆಯಲ್ಲಿ ಎಲ್ಲರೂ ಆಯಾ ಅನ್ನುತ್ತಾರೆ.

"ಇದೇನ್ ದೊಡ್ಡ ಬ್ರಹ್ಮವಿದ್ಯೆ?" ಎಂದಳು ಆಯಾ. "ಮನೇಲಿ ಚರ್ಚಲ್ಲಿ ತಮಿಳು, ಸಂತೇಲಿ ತೆಲುಗು, ಆಫೀಸಲ್ಲಿ ಕನ್ನಡ. ಮೊಮ್ಮಗಳಿಗೆ ಅಂತ ಇನ್ನೊಂದು. ಇಟ್ಕೊಂಡ್ರೆ ಆಯ್ತು."

ಇಟ್ಟುಕೊಂಡೇ ಬಿಟ್ಟಳು. ಮೊಮ್ಮಗಳ ಫೋನಿನಲ್ಲಿ ಬರುವ ಪಾಠವನ್ನು ಅಡುಗೆ ಮನೆಯಿಂದಲೇ ಕೇಳಿಸಿಕೊಂಡು ಅಕ್ಕಿ, ಉಪ್ಪು, ಬಾ, ಕೂತ್ಕೋ, ಯಾಕೆ ಲೇಟು, ಇವಿಷ್ಟನ್ನು ಮೊದಲ ವಾರದಲ್ಲೇ ಗಿಟ್ಟಿಸಿದಳು. ಊಟಕ್ಕೆ ಮುಂಚಿನ ಪ್ರಾರ್ಥನೆಯೂ ಸ್ಪ್ಯಾನಿಷ್‌ಗೆ ತಿರುಗಿತು. ಆಯಾ ಅದನ್ನು ಆರಂಭದಲ್ಲಿ "ಗ್ರಾಸಿಯಾಸ್, ಸೆನ್ಯೋರ್", ವಂದನೆ ಸ್ವಾಮಿ, ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು. ಬರಬರುತ್ತಾ ಅದರೊಳಗೆ ಸೆಲ್ವರಾಜನ ಮಂಡಿ ನೋವು, ನಲ್ಲಿ ನೀರಿನ ತಾಪತ್ರಯ ಎಲ್ಲವನ್ನೂ ಸೇರಿಸಿ ಸಾರು ಆರಿಹೋಗುವಷ್ಟು ಉದ್ದ ಮಾಡಿದಳು. ವ್ಯಾಕರಣ ಇತ್ತೋ ಇಲ್ಲವೋ, ದೇವರು ಯಾವತ್ತೂ ಆಕ್ಷೇಪಣೆ ಎತ್ತಲಿಲ್ಲ.

ಲೈನ್ ಮನೆಗಳು ಗಣಿ ಇದ್ದ ಕಾಲದಲ್ಲಿ ಕೂಲಿಯವರಿಗೆಂದು ಕಟ್ಟಿಸಿದವು. ಸಾಲಾಗಿ ಅಂಟಿಕೊಂಡಿವೆ, ಎರಡು ಮನೆಗೆ ಒಂದೇ ಗೋಡೆ. ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ ನೂರು ವರ್ಷ ಬಾಳು ಅನ್ನುತ್ತಾರೆ. ಹಾಗಿರುವಾಗ ಸ್ಪ್ಯಾನಿಷ್ ಒಂದು ಮನೆಯೊಳಗೆ ನಿಲ್ಲುತ್ತದೆಯೇ? ಮೊದಲು ಗೋಡೆ ದಾಟಿ ಮುನಿಲಕ್ಷ್ಮಿಯನ್ನು ಹಿಡಿಯಿತು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಅವಳು ಗಾರೆ ಕೆಲಸಕ್ಕೆ ಹೋಗುವವಳು. ಆಶಾಳನ್ನು ಎತ್ತಿ ಆಡಿಸಿದವಳು. ಹುಡುಗಿ ತನ್ನ ಜೊತೆ ಮಾತು ಬಿಟ್ಟರೆ ಅವಳಿಗೆ ತಡೆಯುತ್ತದೆಯೇ? ಅವಳಿಂದ ನಲ್ಲಿಗೆ, ನಲ್ಲಿಯಿಂದ ಮೂಲೆಯ ಜಯರಾಮಪ್ಪನ ಟೀ ಅಂಗಡಿಗೆ ಹೋಯಿತು. ಜಯರಾಮಪ್ಪ ಸಕ್ಕರೆ ಇರಲೋ ಬೇಡವೋ ಎಂದು ಸ್ಪ್ಯಾನಿಷ್‌ನಲ್ಲೇ ಕೇಳತೊಡಗಿದ. ಎದುರಿಗೆ ಯಾರು ನಿಂತರೆ ಅವರ ಮಾತನ್ನೇ ಆಡಿ ರೂಢಿಯಾದ ಜನ. ಬಂದವರಿಂದ ತಮ್ಮ ಭಾಷೆ ಆಡಿಸುವುದು ಅವರ ಪ್ರಕಾರ ಮರ್ಯಾದೆಯಲ್ಲ.

ಎಲ್ಲರಿಗೂ ಬಂತು. ಬಾರದೆ ಉಳಿದದ್ದು ಆಶಾರಾಣಿಗೆ.

ಬಾರದೆ ಅಂದರೆ ಬಾರದೇ ಇಲ್ಲ. ಪರೀಕ್ಷೆಯಲ್ಲಿ ಬರೆ ಎಂದರೆ ಪುಟಗಟ್ಟಲೆ ಬರೆಯುತ್ತಿದ್ದಳು. ಬಾಯಿ ತೆರೆಯಬೇಕು ಎಂದಾಗ ಮಾತ್ರ ಮನಸ್ಸಿನೊಳಗೇ ತಿದ್ದುತ್ತಾ ಕೂರುತ್ತಿದ್ದಳು. ಫೋನಿನ ಪರದೆಯ ಮೇಲೆ ಎಲೆನಾ ಮೇಡಂ ಪ್ರಶ್ನೆ ಕೇಳಿದರೆ ಹೌದು, ಇಲ್ಲ, ಆಮೇಲೆ ನೆಟ್‌ವರ್ಕ್ ಸರಿಯಿಲ್ಲ. ಪಾಪ, ಊರಿಗಾಂನ ನೆಟ್‌ವರ್ಕಿಗೆ ಇಷ್ಟು ಕೆಟ್ಟ ಹೆಸರು ಯಾವತ್ತೂ ಬಂದಿರಲಿಲ್ಲ.

ಆ ಹೊತ್ತಿಗೆ ಸಂಘದಿಂದ ಸುದ್ದಿ ಬಂತು. ಎಲೆನಾ ಮೇಡಂ ಬೆಂಗಳೂರಿಗೆ ಬಂದಿದ್ದಾರೆ, ಆಶಾಳ ಊರಿಗೇ ಬರುತ್ತಾರೆ. ಅವರಿಗೆ ಆಶಾ ಒಂದು ದಿನ ಊರು ತೋರಿಸಬೇಕು. ವಿವರಣೆಯೆಲ್ಲ ಸ್ಪ್ಯಾನಿಷ್‌ನಲ್ಲಿ, ಎಲ್ಲವೂ ಅವಳ ಬಾಯಿಂದಲೇ. ಅಪರಿಚಿತರ ಮನೆಯಲ್ಲಿ ಈ ಹುಡುಗಿ ನಿಭಾಯಿಸುತ್ತಾಳೆ ಎಂದು ಮೇಡಂಗೆ ಅನ್ನಿಸಿದರೆ ಸೀಟು ಅವಳದು. ಇಲ್ಲದಿದ್ದರೆ ಬೇರೆಯವರದು.

ಹಿಂದಿನ ದಿನ ಸಂಜೆ ಆಶಾ ಮನೆಮನೆಗೂ ಹೋಗಿ ಕೈಮುಗಿದಳು. ಅಂದು ಒಂದು ದಿನಕ್ಕೆ ಆಜ್ಞೆಯನ್ನು ತಾನೇ ಮುರಿದು ಕನ್ನಡದಲ್ಲಿ ಬೇಡಿಕೊಂಡಳು.

"ಅಕ್ಕ, ನಾಳೆ ಒಂದ್ ದಿನ ಯಾರೂ ಸ್ಪ್ಯಾನಿಷ್ ಮಾತಾಡ್ಬೇಡಿ. ನಾನೇ ಮಾತಾಡ್ಬೇಕು. ಇಲ್ದಿದ್ರೆ ನನ್ ಸೀಟು ಓಯ್ತು."

"ಬಾಯಿಗೆ ಬಟ್ಟೆ ಕಟ್ಕೊತೀನಿ ಕಣಮ್ಮಿ, ನೀನ್ ಎದ್ರುಕೋಬೇಡ," ಎಂದಳು ಮುನಿಲಕ್ಷ್ಮಿ. ಜಯರಾಮಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಯಾ ಗೋಡೆಯ ಮೇಲಿನ ಶಿಲುಬೆಯನ್ನು ಮುಟ್ಟಿ ಆಣೆ ಮಾಡಿದಳು.

ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎಲೆನಾ ಮೇಡಂ ಇಳಿದರು. ನಗುಮುಖದ, ದಪ್ಪನೆಯ ಹೆಂಗಸು, ತಲೆಯ ಮೇಲೆ ದೊಡ್ಡ ಹುಲ್ಲಿನ ಟೋಪಿ. ಆಶಾ ಬಾಯಿಪಾಠ ಮಾಡಿಕೊಂಡಿದ್ದ ಸ್ವಾಗತವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹೋಗುವುದುಂಟೇ ಎಂದು ಸ್ಟೇಷನ್ ಹೊರಗಿನ ಗಾಡಿಗೆ ಕರೆದುಕೊಂಡು ಹೋದಳು. ಇಲ್ಲಿನ ಪಾನಿ ನೋಡಲು ಶುದ್ಧ ನೀರಿನ ಹಾಗೆ ಕಾಣುತ್ತದೆ, ಬಣ್ಣ ನಂಬಿ ಮೋಸ ಹೋಗದವರಿಲ್ಲ. ಮೇಡಂ ನಂಬಿದರು. ಮೂಗು ಕಣ್ಣು ಎರಡರಲ್ಲೂ ನೀರು ಸುರಿಯಿತು, ಆದರೂ ಇನ್ನೊಂದು ಪ್ಲೇಟಿಗೆ ಕೈ ಚಾಚಿದರು. ಇದರ ಖಾರ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹಸಿಮೆಣಸಿನಕಾಯಿಗೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆ ಎಂಬುದು ಆಶಾಗೆ ಗೊತ್ತಿತ್ತು. ಗೊತ್ತಿದ್ದದ್ದು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅವಳು ಸುಮ್ಮನೆ ನಕ್ಕಳು.

ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದರು. ಬಯಲಿನಲ್ಲಿ ದಾರಿ ಬಿಟ್ಟು ನಡೆಯಬಾರದು, ಗಟ್ಟಿಯಾಗಿ ಮಾತಾಡಬಾರದು, ಏನನ್ನೂ ಬಿಸಾಕಬಾರದು ಎಂದು ಕೈಸನ್ನೆ ಮಾಡಿ ತಿಳಿಸಿದಳು. ಹಳದಿ ಹುಲ್ಲಿನ ಆಚೆ ಕೃಷ್ಣಮೃಗಗಳ ಹಿಂಡೊಂದು ತಲೆ ಎತ್ತಿ ಇವರನ್ನೇ ನೋಡಿತು. ಒಂದು ಗಂಡು ಸುರುಳಿ ಕೊಂಬನ್ನು ಬೆನ್ನಿಗೆ ಒರಗಿಸಿ ಚಂಗನೆ ನೆಗೆಯಿತು. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಆಮೇಲೆ ಪಿಸುಮಾತಿನಲ್ಲಿ ಒಂದರ ಹಿಂದೆ ಒಂದು ಪ್ರಶ್ನೆ. ಗಣಿ ಮುಚ್ಚಿದ ಮೇಲೆ ಬಂದವೇ, ಮೊದಲಿಂದಲೂ ಇದ್ದವೇ? ಇವನ್ನು ನೋಡಿಕೊಳ್ಳುವವರು ಯಾರು? ನಿನಗೆ ಇವನ್ನು ಮೊದಲು ತೋರಿಸಿದ್ದು ಯಾರು?

ಅಪ್ಪ ತೋರಿಸಿದ್ದ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಬಂದು ತೋರಿಸಿದ್ದ. ಹೇಳಬೇಕಾದ ಮಾತು ಇಷ್ಟೇ. ಆಶಾ ಅದನ್ನು ಮನಸ್ಸಿನಲ್ಲಿ ತಿದ್ದಿದಳು, ಮತ್ತೆ ತಿದ್ದಿದಳು, ಕೊನೆಗೆ "ಅಪ್ಪ" ಎಂದಷ್ಟೇ ಹೇಳಿದಳು. ಮೇಡಂ ಕಾದರು, ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನೋಡಿ ಸೀಟು ಕೈತಪ್ಪುತ್ತಿದೆ ಎಂದು ಆಶಾಗೆ ಅನ್ನಿಸಿತು. ಇನ್ನು ಉಳಿದದ್ದು ಮನೆಯೂಟ ಒಂದೇ.

ಲೈನಿಗೆ ಬಂದಾಗ ಎಲ್ಲರೂ ಹೇಳಿದ ಮಾತಿಗೆ ತಪ್ಪದೆ ಬಾಗಿಲಲ್ಲಿ ತುಟಿ ಬಿಗಿದು ನಿಂತಿದ್ದರು. ಮುನಿಲಕ್ಷ್ಮಿ ಅಂದು ಕೆಲಸಕ್ಕೆ ಚಕ್ಕರ್ ಹೊಡೆದು ನಲ್ಲಿಯ ಹತ್ತಿರ ಬಿಂದಿಗೆ ತೊಳೆಯುತ್ತಿದ್ದಳು. ತೊಳೆದ ಬಿಂದಿಗೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಎಲೆನಾ ಮೇಡಂ ಅವಳ ಮುಂದೆ ನಿಂತು ಟೋಪಿ ತೆಗೆದು "ಬ್ವೆನೋಸ್ ದಿಯಾಸ್" ಎಂದರು.

ಮುನಿಲಕ್ಷ್ಮಿ ತುಟಿ ಕಚ್ಚಿದಳು. ಆಶಾಳ ಕಡೆ ನೋಡಿದಳು, ಬಿಂದಿಗೆಯ ಕಡೆ ನೋಡಿದಳು. ಮನೆ ಬಾಗಿಲಿಗೆ ಬಂದವರು ನಮಸ್ಕಾರ ಮಾಡಿದ್ದಾರೆ. ಅದಕ್ಕೆ ಉತ್ತರ ಕೊಡದೆ ಕಲ್ಲಿನ ಹಾಗೆ ನಿಲ್ಲುವುದು ಹೇಗೆ? ಹೆತ್ತವರು ಅದನ್ನು ಕಲಿಸಿರಲಿಲ್ಲ.

"ಬ್ವೆನೋಸ್ ದಿಯಾಸ್, ಸೆನ್ಯೋರಾ!" ಎಂದುಬಿಟ್ಟಳು. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಬಿಸಿಲು ಜಾಸ್ತಿ, ನೀರು ಕುಡೀತೀರಾ, ನಿಮ್ಮ ಟೋಪಿ ಚೆನ್ನಾಗಿದೆ ಎಂದು ಅದೇ ಭಾಷೆಯಲ್ಲಿ ಮುಂದುವರಿಸಿದಳು.

ಕಟ್ಟೆ ಒಡೆಯಿತು. ಮೇಡಂ ಹುಬ್ಬೇರಿಸಿ ಖುಷಿಯಿಂದ ಒಂದು ಕೂಗು ಹಾಕಿದ್ದೇ ತಡ, ಜಯರಾಮಪ್ಪ ಟೀ ಹಿಡಿದು ಓಡಿ ಬಂದ, ಸಕ್ಕರೆ ಎಷ್ಟು ಎಂದು ಕೇಳಿದ. ಒಬ್ಬಳು ಕುರ್ಚಿ ತಂದಳು, ಇನ್ನೊಬ್ಬಳು ಬೀಸಣಿಗೆ. ಆಯಾ ಹೊಸ್ತಿಲಲ್ಲಿ ನಿಂತು ಶಿಲುಬೆಯ ಆಣೆಯನ್ನು ಕ್ಷಣಮಾತ್ರ ನೆನೆದಳು, ದೇವರಿಗೆ ಅತಿಥಿ ಸತ್ಕಾರ ಗೊತ್ತೇ ಇರುತ್ತದೆ ಎಂದುಕೊಂಡು "ಸಿಯೆಂತೆಸೆ, ಸೆನ್ಯೋರಾ, ಕೂತ್ಕೊಳ್ಳಿ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು.

ಊಟಕ್ಕೆ ರಾಗಿಮುದ್ದೆ, ಹುರುಳಿ ಸಾರು. ಮೇಡಂ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಬಾಗಿಲಲ್ಲಿ, ಕಿಟಕಿಯಲ್ಲಿ, ಅಂಗಳದಲ್ಲಿ ನಿಂತ ಅಷ್ಟೂ ಜನ ಹೌಹಾರಿ ಅಗಿಯಬೇಡಿ, ನುಂಗಿ, ನುಂಗಿ ಎಂದು ಒಟ್ಟಿಗೇ ಕೂಗಿದರು. ಮೇಡಂ ನುಂಗಿದರು. ಚಪ್ಪಾಳೆ ಬಿತ್ತು. ಆಶಾ ಗಣಿಯ ಕಥೆ ಹೇಳಲು ಬಾಯಿ ತೆರೆದರೆ ಜಯರಾಮಪ್ಪ ತಾನು ಒಳಗೆ ಇಳಿಯುತ್ತಿದ್ದ ಕಥೆ ಹೇಳಿ ಮುಗಿಸಿದ್ದ. ಚರ್ಚಿನ ಬಗ್ಗೆ ಹೇಳೋಣವೆಂದರೆ ಆಯಾ ಹೇಳುತ್ತಿದ್ದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಶಾ ಬಡಿಸುವ ಸೌಟು ಹಿಡಿದು ಮೂಲೆಯಲ್ಲಿ ಬೆಪ್ಪಾಗಿ ನಿಂತಿದ್ದಳು.

ಕೈ ತೊಳೆದು ಬಂದ ಮೇಡಂ ಅವಳ ಪಕ್ಕ ನಿಂತು ಮೆಲ್ಲಗೆ ಹೇಳಿದರು. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಬರಮಾಡಿಕೊಂಡಿಲ್ಲ ಮಗಳೇ. ನಿನ್ನ ಬಯಲಿಗೂ ಊರಿಗೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಆದರೆ ರೈಲಿನ ಹೊತ್ತಾಯಿತು. ಎಲ್ಲರ ಮಾತೂ ಕೇಳಿದೆ, ನಿನ್ನದೊಂದು ಬಿಟ್ಟು. ನೀನು ಅಲ್ಲಿ ಒಬ್ಬಳೇ ನಿಭಾಯಿಸುತ್ತೀಯ ಎಂದು ನಾನು ಹೇಗೆ ಹೇಳಲಿ?

ಆಶಾ ಉತ್ತರಕ್ಕೆ ತಡಕಾಡುತ್ತಿರುವಾಗಲೇ ಆಯಾ ಮಧ್ಯೆ ಬಾಯಿ ಹಾಕಿದಳು. ಅವಳಿಗೆ ಎಲ್ಲ ಬರುತ್ತೆ ಸೆನ್ಯೋರಾ, ನಾಚಿಕೆ ಅಷ್ಟೇ, ಅವಳ ಬದಲು ನಾನು ಹೇಳ್ತೀನಿ ಏನು ಬೇಕೋ ಕೇಳಿ.

"ಬಾಸ್ತಾ!" ಎಂದು ಕಿರುಚಿದಳು ಆಶಾರಾಣಿ. ಸೌಟು ನೆಲಕ್ಕೆ ಬಿತ್ತು.

ಸಾಕು ಅಂತ ಅರ್ಥ. ಆ ಲೈನಿನಲ್ಲಿ ಅದನ್ನು ತಿಳಿಯದವರು ಯಾರೂ ಇರಲಿಲ್ಲ. ಬೀಸಣಿಗೆ ಬೀಸುವ ಕೈಯೂ ನಿಂತಿತು. ಮುಂದೆ ಅವಳು ಎತ್ತಿದ ಮಂಗಳಾರತಿ ಒಂದಕ್ಷರ ಬಿಡದೆ ಸ್ಪ್ಯಾನಿಷ್‌ನಲ್ಲೇ ಇತ್ತು. ಬಯ್ಯುವಾಗ ತಿದ್ದುತ್ತಾ ಕೂರಲು ಯಾರಿಗೆ ಪುರುಸೊತ್ತು?

ನಿನ್ನೆ ನಿಮ್ಮೆಲ್ಲರ ಮನೆಗೂ ಬಂದು ಕೈಮುಗಿದೆನಲ್ಲ, ಆ ಮಾತು ಎಲ್ಲಿ ಹೋಯಿತು? ಮುನಿಲಕ್ಷ್ಮಕ್ಕ, ಬಾಯಿಗೆ ಕಟ್ಟಿಕೊಳ್ಳುತ್ತೇನೆ ಎಂದ ಬಟ್ಟೆ ಎಲ್ಲಿ? ಜಯರಾಮಪ್ಪಣ್ಣ, ಸಕ್ಕರೆ ಕೇಳದಿದ್ದರೆ ಪ್ರಾಣ ಹೋಗುತ್ತಿತ್ತಾ? ಆಯಾ, ನೀನು! ನನಗೆ ಮಾತು ಯಾಕೆ ಬರುವುದಿಲ್ಲ ಗೊತ್ತಾ? ನೀವು ಬರಗೊಟ್ಟಿಲ್ಲ, ಅದಕ್ಕೆ! ಹಸಿವು ಎನ್ನುವ ಮೊದಲೇ ತಟ್ಟೆ ಇಡುತ್ತೀರಿ. ಬಾಯಾರಿಕೆ ಎನ್ನುವ ಮೊದಲೇ ಗೋಡೆಯಾಚೆಯಿಂದ ನೀರು ಬರುತ್ತದೆ. ಹುಟ್ಟಿದಾಗಿನಿಂದ ನಾನು ಯಾರ ಹತ್ತಿರವೂ ಏನನ್ನೂ ಕೇಳಿಯೇ ಇಲ್ಲ. ಅಲ್ಲಿ ನನ್ನ ಮುಖ ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕು. ನನಗೆ ಅದೇ ಭಯ. ವ್ಯಾಕರಣದ ಭಯವಲ್ಲ, ಆ ಭಯ!

ಅಷ್ಟು ಹೇಳಿ ಉಸಿರು ತೆಗೆದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಮೂಗು ಕೆಂಪಗಾಗಿತ್ತು. ಆಮೇಲೆ ಎಲೆನಾ ಮೇಡಂ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದಳು: ನನಗೆ ಹೋಗಬೇಕು ಮೇಡಂ. ಆ ಕಾಡು ನೋಡಬೇಕು, ಕಲಿಯಬೇಕು, ಬಂದು ನಮ್ಮ ಬಯಲನ್ನು ಜನಕ್ಕೆ ತೋರಿಸಬೇಕು. ದಯವಿಟ್ಟು ನನ್ನನ್ನು ಕಳಿಸಿ.

ಮುನಿಲಕ್ಷ್ಮಿ ಈಗ, ತೀರಾ ತಡವಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಕೇಳಿದೆಯಲ್ಲ," ಎಂದರು ಮೇಡಂ, ತಮ್ಮ ಭಾಷೆಯಲ್ಲಿ. "ಅಲ್ಲಿಯೂ ಹೀಗೆಯೇ ಕೇಳು. ಹಸಿವಾದರೆ ಇಷ್ಟು ಜೋರಾಗಿ ಬೇಡ, ಸ್ವಲ್ಪ ಮೆಲ್ಲಗೆ. ಸೀಟು ನಿನ್ನದು."

ಆಮೇಲಿನ ಗದ್ದಲ ಹೇಳತೀರದು. ಜಯರಾಮಪ್ಪ ಎಲ್ಲರಿಗೂ ಟೀ ಕೊಟ್ಟ. ಬೈಸಿಕೊಂಡವರೇ ಬೈದವಳನ್ನು ಮುತ್ತಿಕೊಂಡು ಅತ್ತರು, ನಕ್ಕರು. "ಎಂಗ್ ಬಯ್ದ್ಳು ನೋಡೇ ನಮ್ ಉಡ್ಗಿ!" ಎಂದು ಮುನಿಲಕ್ಷ್ಮಿ ಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಊರಿಗಾಂ ಸ್ಟೇಷನ್ನಿಗೆ ಮೇಡಂ ಜೊತೆ ಆಶಾ ಹೋದಳು, ಆಯಾನೂ ಬಿಡದೆ ಹೋದಳು. ರೈಲು ಬರುವ ಸೂಚನೆಯಾದಾಗ ಮೇಡಂ ಆಶಾಳ ತಲೆಯ ಮೇಲೆ ಕೈಯಿಟ್ಟು "ಬಾಯಾ ಕೊನ್ ದಿಯೋಸ್" ಎಂದರು. ದೂರ ಹೊರಟವರಿಗೆ ನಮ್ಮಲ್ಲಿ ಹೀಗೆ ಹರಸುತ್ತೇವೆ, ದೇವರ ಜೊತೆ ಹೋಗು ಎಂದು ಅರ್ಥ ಎಂದರು.

ಆಯಾ ಮುಖ ಸಿಂಡರಿಸಿದಳು. ದೇವರ ಜೊತೆ ಹೋಗುವುದು ಸರಿ, ವಾಪಸ್ ಯಾರ ಜೊತೆ ಬರುತ್ತಾಳೆ ಎಂದು ಕೇಳಿದಳು.

ಮೇಡಂ ನಗಲು ಹೋದವರು ಅವಳ ಮುಖ ನೋಡಿ ನಗು ನುಂಗಿಕೊಂಡರು. ಆಯಾ ತಮಾಷೆಗೆ ಕೇಳಿರಲಿಲ್ಲ. ಮನೆಯಿಂದ ಹೊರಟವರಿಗೆ ಹೋಗು ಎಂದಷ್ಟೇ ಅನ್ನುವ ಬಾಯಿ ಅವಳದಲ್ಲ. ಬರುವ ಮಾತನ್ನು ಸೇರಿಸದೆ ಅವಳು ಸೆಲ್ವರಾಜನನ್ನು ಬೆಳಗಿನ ರೈಲಿಗೂ ಕಳಿಸುವವಳಲ್ಲ. ಅದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದೋ ಅವಳಿಗೆ ತಿಳಿಯಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಆಯಾಗೆ ಮಾತು ಸಿಗದೆ ಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

ಆಶಾಗೆ ಅಜ್ಜಿಯ ಮುಖ ನೋಡಿದರೆ ಸಾಕು, ಏನು ಬೇಕೆಂದು ತಿಳಿಯುತ್ತಿತ್ತು. ಆದರೂ ಅವಳು ಬಾಯಿಬಿಟ್ಟೇ ಕೇಳಿದಳು, ಮನೆಯಿಂದ ತಾನೇ ಆಚೆ ಹಾಕಿದ್ದ ಮಾತಿನಲ್ಲಿ ಕೇಳಿದಳು. "ಆಯಾ, ನಮ್ಮ ತಮಿಳಲ್ಲೇ ಹೇಳು. ನನಗೆ ಅದೇ ಬೇಕು."

"ಪೋಯಿಟ್ಟು ವಾ, ಕಣ್ಣು," ಎಂದಳು ಆರೋಗ್ಯಮ್ಮ. ಹೋಗಿ ಬಾ, ಕಂದಾ.

"ಪೋಯಿಟ್ಟು ವರೇನ್, ಆಯಾ," ಎಂದು ಆಶಾ ಅವಳ ಕೊರಳನ್ನು ತಬ್ಬಿಕೊಂಡಳು. ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಅದನ್ನು ಆ ಹೊತ್ತಿನಲ್ಲಿ ಇಬ್ಬರೂ ಮರೆತಿದ್ದರು.